ಬ್ಯಾರಿ ಬಾಂಡ್ಸನೂ ಅನುಮಾನವೂ

ಅನುಮಾನವೆಂಬ ಶಬ್ದಕ್ಕೆ ಕನ್ನಡದಲ್ಲಿ ರೂಢಿಯಾಗಿರುವ ಅರ್ಥ ಒಂದು, ಶಾಸ್ತ್ರದಲ್ಲಿ ಸಿದ್ಧವಾಗಿರುವ ಅರ್ಥ ಮತ್ತೊಂದು. ಅಡಿಗೆಮನೆಯಲ್ಲಿ ಬೆಲ್ಲದ ಭರಣಿ ಬರಿದಾದಾಗ ತಾಯಿಯು ಮಗನ ಮೇಲೆ ಪಡುವುದು ಅನುಮಾನ, ಎಂದರೆ ಸಂಶಯ. ನೈಯಾಯಿಕರಾದರೋ ಸಂಶಯವನ್ನು ನೀಗತಕ್ಕ ಪ್ರಮಾಣವನ್ನೇ ಅನುಮಾನವೆಂದು ಕರೆಯುತ್ತಾರೆ; ಬೆಟ್ಟದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ನಿಶ್ಚಯಿಸುವುದು ಅವರ ಮತದಲ್ಲಿ ಅನುಮಾನ. ಹುಡುಗನ ತುಟಿಯ ಮೇಲೆ ಬೆಲ್ಲದ ಅಂಟನ್ನು ಕಂಡ ತಾಯಿಯ ಅನುಮಾನವು ಯಾವ ಕ್ಷಣದಲ್ಲಿ ಮೊದಲನೆಯ ಅರ್ಥವನ್ನು ಬಿಟ್ಟು ಎರಡನೆಯದಕ್ಕೆ ಏರಿತೆಂದು ಹೇಳುವುದು ಸುಲಭವಲ್ಲ. ಈ ಎರಡು ಅರ್ಥಗಳ ನಡುವೆ ಇಪ್ಪತ್ತು ವರ್ಷಗಳಿಗೂ ಮೀರಿ ಸಿಕ್ಕಿಕೊಂಡು ನಿಂತಿರುವ ಒಬ್ಬ ಆಟಗಾರನ ವೃತ್ತಾಂತವನ್ನು ನಮ್ಮ ವಾಚಕರ ಮುಂದೆ ಇಡಬೇಕೆಂದಿದ್ದೇವೆ. ಆತನು ಅಮೆರಿಕದ ಸಂಯುಕ್ತ ಸಂಸ್ಥಾನಗಳ ಬೇಸ್‌ಬಾಲ್ ದಾಂಡಿಗ ಬ್ಯಾರಿ ಬಾಂಡ್ಸ್.

ಬೇಸ್‌ಬಾಲ್ ನಮ್ಮವರಿಗೆ ಪರಿಚಿತವಾದ ಕ್ರಿಕೆಟ್ಟಿನ ದಾಯಾದಿಯೆನ್ನಬಹುದು. ಅಲ್ಲಿಯೂ ಒಬ್ಬನು ಚೆಂಡನ್ನು ಎಸೆಯುವನು, ಇನ್ನೊಬ್ಬನು ದಾಂಡಿನಿಂದ ಹೊಡೆಯುವನು. ಆದರೆ ದಾಂಡು ಚಪ್ಪಟೆಯಾಗಿರದೆ ದುಂಡಗಿರುತ್ತದೆ. ಚೆಂಡು ನೆಲವನ್ನು ಮುಟ್ಟದೆ ಗಂಟೆಗೆ ೯೦ ಮೈಲಿಗಳ ವೇಗದಲ್ಲಿ ನೇರವಾಗಿ ಬರುತ್ತದೆ. ಹತ್ತು ಸಲದಲ್ಲಿ ಮೂರು ಸಲ ಸರಿಯಾಗಿ ಹೊಡೆಯಬಲ್ಲವನನ್ನು ಅಲ್ಲಿಯ ಜನರು ಶ್ರೇಷ್ಠನೆಂದು ಕೊಂಡಾಡುತ್ತಾರೆ. ಮೈದಾನದಲ್ಲಿ ಚೌಕವಾಗಿ ನಾಲ್ಕು ನೆಲೆಗಳಿರುವುವು. ಹೊಡೆದ ಚೆಂಡು ಬೇಲಿಯಾಚೆಗೆ ಹಾರಿಹೋದರೆ ದಾಂಡಿಗನು ನಾಲ್ಕು ನೆಲೆಗಳನ್ನೂ ನಿರಾತಂಕವಾಗಿ ಸುತ್ತಿ ಬರುವನು. ಇದೇ ಹೋಮ್ ರನ್. ಎಸೆಗಾರನು ನಾಲ್ಕು ಚೆಂಡುಗಳನ್ನು ಗೊತ್ತಾದ ಮೇರೆಯ ಹೊರಗೆ ಎಸೆದುಬಿಟ್ಟರೆ ದಾಂಡಿಗನಿಗೆ ಮೊದಲನೆಯ ನೆಲೆ ಬಿಟ್ಟಿಯಾಗಿ ದಕ್ಕುವುದು. ಇದಕ್ಕೆ ವಾಕ್ ಎಂದು ಹೆಸರು. ಎದುರಿಗಿರುವವನು ಭಯಂಕರನಾದರೆ ಎಸೆಗಾರರು ಬೇಕೆಂದೇ ಹೀಗೆ ಮಾಡುವುದುಂಟು. ಈ ಎರಡು ಮಾತುಗಳನ್ನು ವಾಚಕರು ನೆನಪಿನಲ್ಲಿಟ್ಟರೆ ಸಾಕು. ಇನ್ನೊಂದನ್ನೂ ಹೇಳಬೇಕು: ನಮ್ಮ ಮಕ್ಕಳು ಮಗ್ಗಿಯನ್ನು ಒಪ್ಪಿಸುವಂತೆ ಆ ದೇಶದ ಮಕ್ಕಳು ಈ ಆಟದ ಸಂಖ್ಯೆಗಳನ್ನು ಒಪ್ಪಿಸುತ್ತಾರೆ. ಬೇಬ್ ರೂತನ ೭೧೪ ಹೋಮ್ ರನ್ನುಗಳು, ಅವನನ್ನು ೧೯೭೪ರಲ್ಲಿ ದಾಟಿ ಹ್ಯಾಂಕ್ ಆರನ್ ಮುಟ್ಟಿದ ೭೫೫ — ಇವು ಅಲ್ಲಿ ಬರಿಯ ಅಂಕೆಗಳಲ್ಲ, ಮನೆತನದ ಸೊತ್ತುಗಳು.

ಬ್ಯಾರಿ ಬಾಂಡ್ಸ್ ೧೯೬೪ನೆಯ ಇಸವಿ ಜುಲೈ ೨೪ರಂದು ಕ್ಯಾಲಿಫೋರ್ನಿಯಾ ಪ್ರಾಂತದ ರಿವರ್‌ಸೈಡ್ ಪಟ್ಟಣದಲ್ಲಿ ಹುಟ್ಟಿದನು. ತಂದೆ ಬಾಬಿ ಬಾಂಡ್ಸನೂ ಹೆಸರಾಂತ ಆಟಗಾರನೇ. ಸ್ಯಾನ್ ಫ್ರಾನ್ಸಿಸ್ಕೋ ನಗರದ ಜೈಂಟ್ಸ್ ತಂಡದಲ್ಲಿ ೧೯೬೮ರಲ್ಲಿ ಆಡಲು ತೊಡಗಿದವನು. ಅದೇ ತಂಡದ ಮಹಾಪುರುಷನಾಗಿದ್ದ ವಿಲ್ಲಿ ಮೇಸ್ ಈ ಮಗುವಿಗೆ ಧರ್ಮಪಿತನಾದನು. ಹೀಗೆ ಬ್ಯಾರಿಯು ತೊಟ್ಟಿಲಿನಿಂದ ಇಳಿದು ನೇರವಾಗಿ ಆಟಗಾರರ ಕೋಣೆಯೊಳಗೆ ಕಾಲಿಟ್ಟನೆನ್ನಬೇಕು. ಆದರೆ ಪ್ರಸಿದ್ಧನ ಮಗನಾಗಿ ಬೆಳೆಯುವುದರಲ್ಲಿ ನೆರಳೂ ಉಂಟು, ಚಳಿಯೂ ಉಂಟು. ಬಾಬಿ ಬಾಂಡ್ಸನು ವೇಗ ಬಲ ಎರಡೂ ಕೂಡಿದ ಅಪೂರ್ವನಾಗಿದ್ದರೂ ಎಲ್ಲಿಯೂ ನೆಲೆನಿಲ್ಲದೆ ಎಂಟು ತಂಡಗಳನ್ನು ಸುತ್ತಿದನು. ಕುಡಿತದ ತೊಡಕೂ ಆತನಿಗಿತ್ತು. ಎರಡನೆಯ ಮೇಸ್ ಆಗುವನೆಂದು ಊರೆಲ್ಲ ಎದುರುನೋಡಿ, ಆಗದೆ ಹೋದಾಗ ಆತನನ್ನು ಹಳಿಯಿತು. ಮಗನು ಇದನ್ನೆಲ್ಲ ಕಣ್ಣಾರೆ ಕಂಡನು. ಮುಂದೆ ಪತ್ರಿಕೆಗಾರರನ್ನು ಕಂಡರೆ ಮೋರೆ ತಿರುಗಿಸುವ, ಒಡನಾಡಿಗಳೊಡನೆಯೂ ಬೆರೆಯದ ಬಿಗುಮಾನವು ಬ್ಯಾರಿಯಲ್ಲಿ ಬೇರೂರಿದುದಕ್ಕೆ ಇದೇ ಕಾರಣವೆಂದು ಕೆಲವರು ಹೇಳುತ್ತಾರೆ. ಕಾರಣವೇನೇ ಇರಲಿ, ಆ ಬಿಗುಮಾನವು ಆತನಿಗೆ ಬಹಳ ತುಟ್ಟಿಯಾಗಿ ಪರಿಣಮಿಸಿತು. ಅದನ್ನು ಮುಂದೆ ನೋಡುವೆವು.

ಅರಿಜೋನಾ ಸರ್ಕಾರಿ ವಿಶ್ವವಿದ್ಯಾನಿಲಯದಲ್ಲಿ ಓದಿ, ೧೯೮೬ರಲ್ಲಿ ಪಿಟ್ಸ್‌ಬರ್ಗ್ ನಗರದ ಪೈರೇಟ್ಸ್ ತಂಡದಲ್ಲಿ ಈತನು ಆಟಕ್ಕಿಳಿದನು. ೧೯೯೦ ಮತ್ತು ೧೯೯೨ರಲ್ಲಿ ತನ್ನ ಲೀಗಿನ ಅತ್ಯಮೂಲ್ಯ ಆಟಗಾರನೆಂಬ ಬಿರುದು ದೊರೆಯಿತು. ೧೯೯೨ರ ಡಿಸೆಂಬರಿನಲ್ಲಿ ತಂದೆಯ ತಂಡವಾದ ಜೈಂಟ್ಸಿನವರು ಆರು ವರ್ಷಗಳಿಗೆ ೪ ಕೋಟಿ ೩೭ ಲಕ್ಷ ೫೦ ಸಾವಿರ ಡಾಲರುಗಳನ್ನು ಗೊತ್ತುಮಾಡಿ ಕರೆದುಕೊಂಡರು. ಆ ದಿನಗಳಲ್ಲಿ ಬೇಸ್‌ಬಾಲಿನಲ್ಲಿ ಅದಕ್ಕಿಂತ ದೊಡ್ಡ ಒಪ್ಪಂದ ಇರಲಿಲ್ಲ. ಮರುವರ್ಷವೇ ಮೂರನೆಯ ಬಾರಿ ಅದೇ ಬಿರುದು. ೧೯೯೮ರ ಅಂತ್ಯದವರೆಗಿನ ಲೆಕ್ಕವನ್ನು ನೋಡಿದರೆ ೪೧೧ ಹೋಮ್ ರನ್ನುಗಳು, ಎದುರಾಳಿಗಳ ಕಣ್ಣುತಪ್ಪಿಸಿ ಓಡಿ ಗಳಿಸಿದ ೪೪೫ ನೆಲೆಗಳು, ಚೆಂಡನ್ನು ಹಿಡಿಯುವ ಚಾತುರ್ಯಕ್ಕಾಗಿ ಎಂಟು ಬಂಗಾರದ ಕೈಗವಸುಗಳು. ನಾಲ್ಕುನೂರು ಹೋಮ್ ರನ್ನುಗಳನ್ನೂ ನಾಲ್ಕುನೂರು ನೆಲೆಗಳನ್ನೂ ಒಟ್ಟಿಗೆ ಪಡೆದವನು ಆ ಮೊದಲು ಒಬ್ಬನೂ ಇರಲಿಲ್ಲ.

ಎದುರಾಳಿಗಳ ಭಯ ಎಷ್ಟಿತ್ತೆಂಬುದನ್ನು ೧೯೯೮ನೆಯ ಮೇ ೨೮ರ ಒಂದು ಆಟದಿಂದ ತಿಳಿಯಬಹುದು. ಅರಿಜೋನಾದ ಡೈಮಂಡ್‌ಬ್ಯಾಕ್ಸ್ ತಂಡವು ೮ಕ್ಕೆ ೬ರಂತೆ ಮುಂದಿತ್ತು. ಕೊನೆಯ ಸರದಿ, ಜೈಂಟ್ಸಿನವರಲ್ಲಿ ಇನ್ನೊಬ್ಬನು ಬಿದ್ದರೆ ಆಟ ಮುಗಿಯಿತು, ಮೂರು ನೆಲೆಗಳಲ್ಲಿಯೂ ಜೈಂಟ್ಸಿನವರು ನಿಂತಿದ್ದಾರೆ, ದಾಂಡು ಹಿಡಿದು ಬಂದವನು ಬಾಂಡ್ಸ್. ಎಲ್ಲ ನೆಲೆಗಳೂ ತುಂಬಿರುವಾಗ ವಾಕ್ ಕೊಟ್ಟರೆ ಎದುರಾಳಿಗೆ ಒಂದು ಓಟವನ್ನು ಕೈಯೆತ್ತಿ ದಾನಮಾಡಿದಂತೆ. ಆದರೂ ಅರಿಜೋನಾದ ನಾಯಕನಾದ ಬಕ್ ಶೋವಾಲ್ಟರ್ ಆ ದಾನವನ್ನೇ ಮಾಡಿಸಿದನು. ಲೆಕ್ಕ ೮ಕ್ಕೆ ೭ ಆಯಿತು, ಮುಂದಿನ ದಾಂಡಿಗನು ಹೊಡೆದ ಚೆಂಡು ಹಿಡಿಯಲ್ಪಟ್ಟಿತು, ಅರಿಜೋನಾ ಗೆದ್ದಿತು. ಒಂದು ಓಟವನ್ನು ಕಳೆದುಕೊಂಡೇವು, ಬಾಂಡ್ಸನಿಗೆ ಚೆಂಡನ್ನು ಎಸೆಯಲಾರೆವು ಎಂಬ ಈ ನಿರ್ಧಾರಕ್ಕಿಂತ ದೊಡ್ಡ ಬಿರುದು ಯಾವ ದಾಂಡಿಗನಿಗೂ ದೊರೆಯಲಾರದು. ಈ ತಾರೀಖನ್ನು ವಾಚಕರು ಗಮನಿಸಬೇಕು. ಏಕೆಂದರೆ ಈತನ ಮೇಲಿನ ಆಪಾದನೆಗಳೆಲ್ಲ ಇದರ ಅನಂತರದ ಕಾಲಕ್ಕೆ ಸೇರಿದವು.

ಅದೇ ೧೯೯೮ರ ಬೇಸಗೆಯಲ್ಲಿ ದೇಶದ ಕಣ್ಣೆಲ್ಲ ಬೇರೆ ಇಬ್ಬರ ಮೇಲಿದ್ದಿತು. ೧೯೯೪ರಲ್ಲಿ ಆಟಗಾರರ ಮುಷ್ಕರದಿಂದ ವರ್ಷದ ಕೊನೆಯ ಮಹಾಪಂದ್ಯವೇ ನಿಂತುಹೋಗಿ ಜನರು ಬೇಸರಗೊಂಡಿದ್ದರು. ಅವರನ್ನು ಮರಳಿ ಮೈದಾನಕ್ಕೆ ಕರೆತಂದವರು ಮಾರ್ಕ್ ಮೆಕ್‌ಗ್ವೈರ್, ಸ್ಯಾಮಿ ಸೋಸಾ ಎಂಬ ಇಬ್ಬರು ಭೀಮಕಾಯರು. ಒಂದು ವರ್ಷದ ೬೧ ಹೋಮ್ ರನ್ನುಗಳ ಹಳೆಯ ಎಲ್ಲೆಯನ್ನು ದಾಟಿ ಮೊದಲನೆಯವನು ೭೦ನ್ನೂ ಎರಡನೆಯವನು ೬೬ನ್ನೂ ಹೊಡೆದರು. ಮೆಕ್‌ಗ್ವೈರನ ಪೆಟ್ಟಿಗೆಯಲ್ಲಿ ಆಂಡ್ರೋಸ್ಟೀನ್‌ಡಯೋನ್ ಎಂಬ ಮದ್ದಿನ ಸೀಸೆಯನ್ನು ಒಬ್ಬ ಪತ್ರಿಕೆಗಾರನು ಕಂಡು ಬರೆದನು. ಅದು ಆಗ ಬೇಸ್‌ಬಾಲಿನಲ್ಲಿ ನಿಷಿದ್ಧವಾಗಿರಲಿಲ್ಲ. ಬರೆದವನನ್ನೇ ಹಲವರು ಬೈದರು. ಟಿಕೆಟ್ಟುಗಳು ಮಾರಾಟವಾಗುತ್ತಿದ್ದುವು. ಯಾರಿಗೂ ಕೇಳುವ ಮನಸ್ಸಿರಲಿಲ್ಲ. ತನಗಿಂತ ಕೆಳಗಿನವರೆಂದು ತಾನು ಎಣಿಸಿದ್ದವರಿಗೆ ಸಲ್ಲುತ್ತಿದ್ದ ಈ ಜಯಘೋಷವನ್ನು ಕೇಳಿ ಬಾಂಡ್ಸನು ಮತ್ಸರಗೊಂಡನೆಂದೂ, ಆಗಲೇ ಔಷಧದ ದಾರಿಯನ್ನು ಹಿಡಿದನೆಂದೂ ಸ್ಯಾನ್ ಫ್ರಾನ್ಸಿಸ್ಕೋದ ಇಬ್ಬರು ಪತ್ರಿಕೆಗಾರರು ೨೦೦೬ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಆಪಾದಿಸಿದರು.

ಇನ್ನು ಮುಂದೆ ನಡೆದುದು ಬೇಸ್‌ಬಾಲ್ ಕಂಡರಿಯದ ವಿಷಯ. ಆ ಆಟದಲ್ಲಿ ಮೂವತ್ತೈದು ದಾಟಿದವನ ಬಲ ಕುಂದುವುದು ವಾಡಿಕೆ. ಬಾಂಡ್ಸನಾದರೋ ಮೈಯಲ್ಲಿ ಹೆಚ್ಚಿದನು, ಬಲದಲ್ಲಿ ಹೆಚ್ಚಿದನು. ಅದುವರೆಗೆ ಒಂದು ವರ್ಷದಲ್ಲಿ ೪೬ಕ್ಕೆ ಮೀರದಿದ್ದವನು ೨೦೦೦ದಲ್ಲಿ ೪೯, ೨೦೦೧ರಲ್ಲಿ ೭೩ ಹೋಮ್ ರನ್ನುಗಳನ್ನು ಹೊಡೆದನು. ಸ್ಯಾನ್ ಫ್ರಾನ್ಸಿಸ್ಕೋದ ಹೊಸ ಮೈದಾನವು ಕೊಲ್ಲಿಯ ಅಂಚಿನಲ್ಲಿದೆ; ಬಲಬದಿಯ ಗೋಡೆಯನ್ನು ದಾಟಿದ ಚೆಂಡು ನೀರಿಗೆ ಬೀಳುತ್ತದೆ. ಬಾಂಡ್ಸನ ಚೆಂಡುಗಳನ್ನು ಹಿಡಿಯಲು ಜನರು ದೋಣಿಗಳನ್ನು ಕಟ್ಟಿಕೊಂಡು ಅಲ್ಲಿ ಕಾದಿರುತ್ತಿದ್ದರು. ಆತನು ನೀರಿಗೆ ಹೊಡೆದುವು ಒಟ್ಟು ೩೫. ೨೦೦೪ರಲ್ಲಿ, ಆತನಿಗೆ ನಾಲ್ವತ್ತು ತುಂಬಿದ ವರ್ಷ, ಎಸೆಗಾರರು ೨೩೨ ಸಲ ವಾಕ್ ಕೊಟ್ಟರು. ಅವುಗಳಲ್ಲಿ ೧೨೦ ಬೇಕೆಂದೇ ಕೊಟ್ಟುವು. ೨೦೦೧ರಿಂದ ೨೦೦೪ರವರೆಗೆ ನಾಲ್ಕು ವರ್ಷವೂ ಅತ್ಯಮೂಲ್ಯ ಆಟಗಾರನ ಬಿರುದು. ಮೊದಲಿನ ಮೂರರೊಡನೆ ಏಳು. ಬೇರೆ ಯಾರೂ ಏಳನ್ನು ಮುಟ್ಟಿಲ್ಲ.

ಆ ೭೩ನೆಯ ಹೋಮ್ ರನ್ನಿನ ಚೆಂಡಿನ ಕಥೆಯೂ ಸ್ವಾರಸ್ಯವಾದುದು. ಪ್ರೇಕ್ಷಕರಲ್ಲಿ ಒಬ್ಬನ ಗವಸಿನೊಳಕ್ಕೆ ಬಂದ ಚೆಂಡು ನೂಕುನುಗ್ಗಲಿನಲ್ಲಿ ಜಾರಿ ಇನ್ನೊಬ್ಬನ ಕೈಸೇರಿತು. ಇಬ್ಬರೂ ನ್ಯಾಯಸ್ಥಾನಕ್ಕೆ ಹೋದರು. ಸ್ವತ್ವವೆಂದರೇನು, ಸ್ವಾಧೀನವು ಯಾವ ಕ್ಷಣದಲ್ಲಿ ಸಿದ್ಧಿಸುತ್ತದೆ ಎಂದು ಧರ್ಮಶಾಸ್ತ್ರದ ಅಧ್ಯಾಪಕರನ್ನೆಲ್ಲ ಕರೆದು ಕೇಳಿದ್ದಾಯಿತು. ಕಡೆಗೆ ನ್ಯಾಯಾಧೀಶನು ಚೆಂಡನ್ನು ಮಾರಿ ಬಂದುದನ್ನು ಸಮಪಾಲಾಗಿ ಹಂಚಿಕೊಳ್ಳಿರೆಂದನು. ನಾಲ್ಕೂವರೆ ಲಕ್ಷ ಡಾಲರುಗಳು ಬಂದುವು. ನಮ್ಮ ಮಿತಾಕ್ಷರೆಯ ವ್ಯಾಖ್ಯಾನಕಾರರಿಗೆ ಈ ವ್ಯಾಜ್ಯವು ಸಿಕ್ಕಿದ್ದರೆ ಒಂದು ಪ್ರಕರಣವನ್ನೇ ಬರೆಯುತ್ತಿದ್ದರು.

ಈಗ ಔಷಧದ ಮಾತು. ಸ್ಟಿರಾಯ್ಡ್ ಎಂಬುದು ಒಂದು ದೊಡ್ಡ ಕುಲದ ಹೆಸರು. ಉಬ್ಬಸಕ್ಕೂ ಕೀಲುನೋವಿಗೂ ವೈದ್ಯರು ಕೊಡುವ ಸ್ಟಿರಾಯ್ಡುಗಳು ಬೇರೆ, ಇಲ್ಲಿ ಹೇಳುತ್ತಿರುವುವು ಬೇರೆ. ಇವು ಪುರುಷ ಶರೀರದಲ್ಲಿ ಸಹಜವಾಗಿ ಊರುವ ಟೆಸ್ಟೋಸ್ಟಿರೋನಿನ ಬಂಧುಗಳು. ಮಾಂಸಖಂಡಗಳನ್ನು ಬೆಳೆಸುವ, ದಣಿದ ಮೈಯನ್ನು ಬೇಗ ಚೇತರಿಸುವ ಗುಣವುಳ್ಳವು. ಟೆಸ್ಟೋಸ್ಟಿರೋನನ್ನು ವಿಜ್ಞಾನಿಗಳು ರಸಾಯನಶಾಲೆಯಲ್ಲಿ ತಯಾರಿಸಿದುದು ೧೯೩೫ರಲ್ಲಿ. ಆದರೆ ಆಸೆ ಹಳೆಯದು. ನಮ್ಮ ಆಯುರ್ವೇದದ ಎಂಟು ಅಂಗಗಳಲ್ಲಿ ವಾಜೀಕರಣವೂ ಒಂದಾಗಿರುವುದನ್ನು ವಾಚಕರು ಬಲ್ಲರು. ಫ್ರಾನ್ಸಿನಲ್ಲಿ ಬ್ರೌನ್ ಸೆಕಾರ್ಡ್ ಎಂಬ ವೃದ್ಧ ಶರೀರಶಾಸ್ತ್ರಜ್ಞನು ೧೮೮೯ರಲ್ಲಿ ಪ್ರಾಣಿಗಳ ವೃಷಣದ ರಸವನ್ನು ತನಗೆ ತಾನೇ ಚುಚ್ಚಿಕೊಂಡು ಯೌವನವು ಮರಳಿತೆಂದು ಸಾರಿದನು. ಅದೇ ವರ್ಷ ಅದೇ ಪಿಟ್ಸ್‌ಬರ್ಗಿನ ತಂಡದಲ್ಲಿ ಪಡ್ ಗಾಲ್ವಿನ್ ಎಂಬ ಎಸೆಗಾರನು ಆ ರಸವನ್ನು ಚುಚ್ಚಿಸಿಕೊಂಡು ಆಡಿ ಗೆದ್ದನೆಂದು ಪತ್ರಿಕೆಯು ಮೆಚ್ಚಿ ಬರೆಯಿತು! ರಸದಲ್ಲಿ ಸತ್ವವೇನೂ ಇರಲಿಲ್ಲವೆಂದು ಈಗಿನವರು ಹೇಳುತ್ತಾರೆ. ಅಂದು ಅದು ಅಪರಾಧವೂ ಆಗಿರಲಿಲ್ಲ. ಈಗಿನ ಮದ್ದುಗಳಲ್ಲಾದರೋ ಸತ್ವವಿದೆ, ವಿಷವೂ ಇದೆ. ಹೃದಯವೂ ಪಿತ್ತಕೋಶವೂ ಕೆಡಬಹುದು. ಹೊರಗಿನಿಂದ ಬಂದುದನ್ನು ನೆಚ್ಚಿ ಶರೀರವು ತಾನು ತಯಾರಿಸುವುದನ್ನು ನಿಲ್ಲಿಸುತ್ತದೆ. ಬೆಳೆಯುವ ಹುಡುಗರಲ್ಲಿ ಎಲುಬುಗಳು ಹೊತ್ತಿಗೆ ಮುಂಚೆಯೇ ಬೆಳವಣಿಗೆಯನ್ನು ಮುಗಿಸಿಬಿಡುತ್ತವೆ. ಮನೆಯಲ್ಲಿ ಹದಿಹರೆಯದ ಮಕ್ಕಳುಳ್ಳವರು ಈ ಒಂದು ವಾಕ್ಯವನ್ನು ಎರಡು ಸಲ ಓದಲಿ.

ಅಮೆರಿಕದ ಸರ್ಕಾರವು ೧೯೯೦ರ ಕಾನೂನಿನಿಂದ ವೈದ್ಯನ ಚೀಟಿಯಿಲ್ಲದೆ ಇವುಗಳನ್ನು ಇಟ್ಟುಕೊಳ್ಳುವುದನ್ನೇ ಅಪರಾಧವೆಂದಿತು. ೧೯೯೧ರಲ್ಲಿ ಬೇಸ್‌ಬಾಲಿನ ಕಮಿಷನರು ಇವು ಆಟದಲ್ಲಿ ನಿಷಿದ್ಧವೆಂದು ಒಂದು ಪತ್ರವನ್ನು ಕಳುಹಿಸಿದನು. ಆದರೆ ಪರೀಕ್ಷೆಯೆಂಬುದೇ ಇರಲಿಲ್ಲ. ಪರೀಕ್ಷೆಯಿಲ್ಲದ ಶಾಲೆಯಲ್ಲಿ ಪಾಠವೆಷ್ಟು ನಡೆಯುವುದೆಂಬುದನ್ನು ನಾವು ಬಲ್ಲೆವು. ೨೦೦೩ರಲ್ಲಿ ಮೊದಲ ಬಾರಿಗೆ ಹೆಸರನ್ನು ಹೊರಗೆಡಹದ, ದಂಡನೆಯಿಲ್ಲದ ಒಂದು ಪರೀಕ್ಷೆ ನಡೆಯಿತು. ನೂರರಲ್ಲಿ ಐವರಿಗಿಂತ ಹೆಚ್ಚು ಮಂದಿಯಲ್ಲಿ ಮದ್ದು ಕಂಡುಬಂದುದರಿಂದ ಮಾರನೆಯ ವರ್ಷದಿಂದ ನಿಯಮಬದ್ಧವಾದ ಪರೀಕ್ಷೆ ಬಂದಿತು.

ಅದೇ ೨೦೦೩ರ ಸೆಪ್ಟೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಬಳಿಯ ಬರ್ಲಿಂಗೇಮ್ ಊರಿನ ಬಾಲ್ಕೋ ಎಂಬ ಕಾರ್ಖಾನೆಯ ಮೇಲೆ ಸರ್ಕಾರದ ಅಧಿಕಾರಿಗಳು ದಾಳಿಯಿಟ್ಟರು. ಅಲ್ಲಿಂದ ಎರಡು ಮದ್ದುಗಳು ಆಟಗಾರರಿಗೆ ಹೋಗುತ್ತಿದ್ದುವು. ನಾಲಗೆಯಡಿಯಲ್ಲಿ ತೊಟ್ಟಿಕ್ಕಿಸಿಕೊಳ್ಳುವ ಕ್ಲಿಯರ್ ಎಂಬುದು ಒಂದು. ಅದು ಆಗಿನ ಯಾವ ಪರೀಕ್ಷೆಗೂ ಸಿಕ್ಕದಂತೆ ಹೊಸದಾಗಿ ರಚಿಸಲ್ಪಟ್ಟ ಸ್ಟಿರಾಯ್ಡು. ಒಬ್ಬ ಓಟದ ಶಿಕ್ಷಕನು ಗುಪ್ತವಾಗಿ ಕಳುಹಿಸಿದ ಪಿಚಕಾರಿಯೊಂದರಲ್ಲಿ ಉಳಿದಿದ್ದ ಅಂಶದಿಂದ ಲಾಸ್ ಏಂಜಲೀಸಿನ ವಿಜ್ಞಾನಿಗಳು ಅದರ ಗುಟ್ಟನ್ನು ಬಿಡಿಸಿದರು. ಇನ್ನೊಂದು, ಚರ್ಮಕ್ಕೆ ತಿಕ್ಕುವ ಲೇಪ. ಇದರ ಉಪಾಯವು ಮೆಚ್ಚತಕ್ಕುದು, ಉದ್ದೇಶವಲ್ಲ. ಮೂತ್ರದಲ್ಲಿ ಟೆಸ್ಟೋಸ್ಟಿರೋನೂ ಅದರ ಜೋಡಿಯಾದ ಎಪಿಟೆಸ್ಟೋಸ್ಟಿರೋನೂ ಇರುವ ಪ್ರಮಾಣವನ್ನು ಹೋಲಿಸಿ ಪರೀಕ್ಷಕರು ಕಳ್ಳತನವನ್ನು ಹಿಡಿಯುತ್ತಿದ್ದರು. ಲೇಪದಲ್ಲಿ ಎರಡನ್ನೂ ಬೆರೆಸಿದುದರಿಂದ ತಕ್ಕಡಿ ಏರುಪೇರಾಗುತ್ತಲೇ ಇರಲಿಲ್ಲ. ಬಾಂಡ್ಸನ ಬಾಲ್ಯಸ್ನೇಹಿತನೂ ವ್ಯಾಯಾಮಶಿಕ್ಷಕನೂ ಆದ ಗ್ರೆಗ್ ಆಂಡರ್ಸನ್ ಈ ಕಾರ್ಖಾನೆಯೊಡನೆ ವ್ಯವಹರಿಸುತ್ತಿದ್ದವನು.

೨೦೦೩ರ ಡಿಸೆಂಬರ್ ೪ರಂದು ಬಾಂಡ್ಸನನ್ನು ಮಹಾಪಂಚಾಯತರ ಮುಂದೆ ಪ್ರಮಾಣ ಮಾಡಿಸಿ ಕೇಳಲಾಯಿತು. ಆಂಡರ್ಸನ್ ಕೊಟ್ಟುದನ್ನು ಬಳಸಿದ್ದುಂಟು, ಆದರೆ ಅದು ಅಗಸೆಯೆಣ್ಣೆಯೆಂದೂ ಕೀಲುನೋವಿನ ಲೇಪವೆಂದೂ ತಿಳಿದಿದ್ದೆನೆಂಬುದು ಆತನ ಉತ್ತರದ ಸಾರ. ಮುಂದೆ ವಿಚಾರಣೆಯಲ್ಲಿ ಆತನ ವಕೀಲರೂ ಇದನ್ನೇ ಹೇಳಿದರು. ಇಲ್ಲಿ ವಾದದ ನೆಲೆ ಬದಲಾಗುವುದನ್ನು ಗಮನಿಸಬೇಕು. ಮದ್ದು ಮೈಸೇರಿತೋ ಇಲ್ಲವೋ ಎಂಬುದಲ್ಲ ಪ್ರಶ್ನೆ. ತಿಳಿದು ಸೇರಿಸಿಕೊಂಡನೋ ತಿಳಿಯದೆಯೋ ಎಂಬುದು. ಪರರ ಮನಸ್ಸಿನೊಳಗಣ ತಿಳಿವಳಿಕೆಯು ಪ್ರತ್ಯಕ್ಷಕ್ಕೆ ಗೋಚರವಲ್ಲ. ಆಪ್ತವಾಕ್ಯವಾಗಬಹುದಾಗಿದ್ದುದು ಆಂಡರ್ಸನನ ಸಾಕ್ಷ್ಯ ಒಂದೇ. ಆತನೋ ಗೆಳೆಯನ ವಿರುದ್ಧ ಬಾಯಿಬಿಡಲೊಲ್ಲದೆ ಒಟ್ಟು ಒಂದು ವರ್ಷಕ್ಕೂ ಮೀರಿ ಸೆರೆಮನೆಯಲ್ಲಿದ್ದನು. ಬಾಂಡ್ಸನ ಮೇಲೆ ಸುಳ್ಳುಸಾಕ್ಷ್ಯದ ಮೊಕದ್ದಮೆ ದಾಖಲಾದ ದಿನವೇ, ೨೦೦೭ರ ನವೆಂಬರ್ ೧೫ರಂದು, ಆಂಡರ್ಸನ್ ಬಿಡುಗಡೆಯಾದನು. ೨೦೧೧ರಲ್ಲಿ ವಿಚಾರಣೆ ನಡೆದಾಗ ಮತ್ತೆ ಸೆರೆಗೆ ಹೋದನು. ಆ ಮೌನವನ್ನು ಸ್ನೇಹವೆಂದು ಹೊಗಳಬೇಕೋ ಸತ್ಯದ್ರೋಹವೆಂದು ತೆಗಳಬೇಕೋ ನಮಗೆ ತಿಳಿಯದು. ಅಂತೂ ಅಂಥ ಸ್ನೇಹಿತರು ಲೋಕದಲ್ಲಿ ವಿರಳ.

ಪ್ರತ್ಯಕ್ಷವಿಲ್ಲ, ಶಬ್ದವಿಲ್ಲ, ಉಳಿದುದು ಅನುಮಾನ. ಮೂವತ್ತಾರು ದಾಟಿದವನ ಬಲ ಹೆಚ್ಚಿದುದರಿಂದ ಮದ್ದಿನ ಫಲವೆಂದು ಸಾಧಿಸಬಹುದೆ? ಬರಿಯ ಇಷ್ಟೇ ಹೇತುವಾದರೆ ವ್ಯಭಿಚಾರ ಬರುತ್ತದೆ. ಹ್ಯಾಂಕ್ ಆರನ್ನನೇ ತನ್ನ ಅತ್ಯಧಿಕವಾದ ೪೭ ಹೋಮ್ ರನ್ನುಗಳನ್ನು ಹೊಡೆದುದು ೧೯೭೧ರಲ್ಲಿ, ಮೂವತ್ತೇಳನೆಯ ವಯಸ್ಸಿನಲ್ಲಿ. ಬಾಂಡ್ಸನ ಪಕ್ಷದವರು ಬೇರೆ ಕಾರಣಗಳನ್ನೂ ತೋರಿಸುತ್ತಾರೆ. ಆತನು ಹಳೆಯ ಜಾತಿಯ ಮರವನ್ನು ಬಿಟ್ಟು ಗಟ್ಟಿಯಾದ ಮೇಪಲ್ ಮರದ ದಾಂಡನ್ನು ಹಿಡಿದನು. ಮೊಳಕೈಗೆ ಕವಚ ತೊಟ್ಟುದರಿಂದ ಚೆಂಡಿಗೆ ಅಂಜದೆ ಹತ್ತಿರ ನಿಂತನು. ಚೆಂಡು ಮೇರೆಯೊಳಗಿದೆಯೋ ಹೊರಗಿದೆಯೋ ಎಂದು ಕಣ್ಣೆವೆಯಿಕ್ಕುವಷ್ಟರಲ್ಲಿ ನಿರ್ಣಯಿಸುವ ದೃಷ್ಟಿಯನ್ನು ಯಾವ ಮದ್ದು ಕೊಟ್ಟೀತು? ಇವೆಲ್ಲ ಸರಿಯೇ. ಆದರೂ ೪೬ರಿಂದ ೭೩ಕ್ಕೆ ನೆಗೆದುದನ್ನು ಮರದ ಜಾತಿಯೊಂದೇ ವಿವರಿಸಲಾರದು. ದಾಂಡಿನ ತೂಕವನ್ನೂ ಎಸೆಗಾರನ ಬೆರಳಿನ ಅಲುಗಾಟವನ್ನೂ ಲೆಕ್ಕವಿಡುತ್ತಿದ್ದವನು ತನ್ನ ಚರ್ಮಕ್ಕೆ ತಿಕ್ಕಿದುದು ಏನೆಂದು ಕೇಳಲಿಲ್ಲವೆಂದರೆ ನಂಬುವುದು ಕಷ್ಟ. ಬಾಂಡ್ಸನು ತಿಳಿದೇ ತೆಗೆದುಕೊಂಡನೆಂಬುದು ನಮ್ಮ ಅಭಿಪ್ರಾಯ. ಆದರೆ ನಮ್ಮ ಅಭಿಪ್ರಾಯದಿಂದ ಒಬ್ಬನನ್ನು ಸೆರೆಗೆ ಕಳುಹಿಸುವಂತಿಲ್ಲ, ಕಳುಹಿಸಲೂ ಬಾರದು.

ನ್ಯಾಯಸ್ಥಾನದಲ್ಲಿ ನಡೆದುದೂ ಹಾಗೆಯೇ. ೨೦೧೧ರ ಏಪ್ರಿಲ್ ೧೩ರಂದು ಹನ್ನೆರಡು ಮಂದಿ ಪಂಚರು ಸುಳ್ಳುಸಾಕ್ಷ್ಯದ ಮೂರು ಆಪಾದನೆಗಳಲ್ಲಿಯೂ ಒಮ್ಮತಕ್ಕೆ ಬರಲಾರದೆ ಹೋದರು. ಅವುಗಳಲ್ಲೊಂದರಲ್ಲಿ ಹನ್ನೊಂದು ಮಂದಿ ಅಪರಾಧಿಯೆಂದರು, ಒಬ್ಬರು ಒಪ್ಪಲಿಲ್ಲ. ನ್ಯಾಯಕ್ಕೆ ಅಡ್ಡಿಮಾಡಿದನೆಂಬ ನಾಲ್ಕನೆಯದರಲ್ಲಿ ಮಾತ್ರ ಅಪರಾಧಿಯೆಂದು ತೀರ್ಮಾನವಾಯಿತು. ಅದರ ವಿಷಯವು ವಿಚಿತ್ರವಾಗಿದೆ. ಆಂಡರ್ಸನ್ ಚುಚ್ಚಿಕೊಳ್ಳುವಂಥದನ್ನು ಏನಾದರೂ ಕೊಟ್ಟನೇ ಎಂದು ಕೇಳಿದಾಗ, ಬಾಂಡ್ಸನು ತಾನು ಪ್ರಸಿದ್ಧ ತಂದೆಯ ಮಗನಾಗಿ ಬೆಳೆದವನು, ಪರರ ವ್ಯವಹಾರದಲ್ಲಿ ತಲೆಹಾಕುವವನಲ್ಲ ಎಂದು ಮೊದಲಾಗಿ ಊರಕಥೆಯನ್ನು ಹೇಳಿದನು. ಈ ಸುತ್ತುಮಾತೇ ಅಪರಾಧ! ಮೂವತ್ತು ದಿನದ ಗೃಹಬಂಧನವೂ ನಾಲ್ಕು ಸಾವಿರ ಡಾಲರ್ ದಂಡವೂ ವಿಧಿಸಲ್ಪಟ್ಟುವು. ಗೌತಮನ ನ್ಯಾಯಸೂತ್ರದಲ್ಲಿ ಹೇಳಿರುವ ಇಪ್ಪತ್ತೆರಡು ನಿಗ್ರಹಸ್ಥಾನಗಳಲ್ಲಿ ಅರ್ಥಾಂತರವೂ ಒಂದು. ಪ್ರಕೃತವನ್ನು ಬಿಟ್ಟು ಬೇರೊಂದನ್ನು ಹೇಳಿದವನು ವಾದದಲ್ಲಿ ಸೋತನೆಂದು ಅದರ ತಾತ್ಪರ್ಯ. ವಾದದಲ್ಲಿ ಸೋಲುವುದು ಬೇರೆ, ದಂಡಾರ್ಹನಾಗುವುದು ಬೇರೆ. ಮೇಲಿನ ನ್ಯಾಯಸ್ಥಾನದ ಹನ್ನೊಂದು ಮಂದಿ ನ್ಯಾಯಾಧೀಶರಲ್ಲಿ ಹತ್ತು ಮಂದಿಗೂ ಈ ಭೇದವು ತೋರಿರಬೇಕು. ೨೦೧೫ರ ಏಪ್ರಿಲಿನಲ್ಲಿ ಅವರು ಶಿಕ್ಷೆಯನ್ನು ರದ್ದುಮಾಡಿದರು. ಕಾನೂನಿನ ದೃಷ್ಟಿಯಲ್ಲಿ ಬಾಂಡ್ಸನು ಇಂದು ನಿರಪರಾಧಿ.

ಈ ಮಧ್ಯೆ ಆಟವು ನಡೆದೇ ಇದ್ದಿತು. ೨೦೦೩ರ ಆಗಸ್ಟಿನಲ್ಲಿ ತಂದೆ ತೀರಿಕೊಂಡನು. ೨೦೦೬ರಲ್ಲಿ ಸ್ಯಾನ್ ಡಿಯೆಗೋ ನಗರದಲ್ಲಿ ಪ್ರೇಕ್ಷಕನೊಬ್ಬನು ಮೈದಾನಕ್ಕೆ ಪಿಚಕಾರಿಯನ್ನೇ ಎಸೆದನು. ಹೊರಊರುಗಳಲ್ಲಿ ಧಿಕ್ಕಾರ, ತನ್ನ ಊರಿನಲ್ಲಿ ಜಯಕಾರ. ಈ ಭೇದವು ಊರುಗಳಲ್ಲಿ ಮಾತ್ರ ಇರಲಿಲ್ಲ. ಆರನ್ನನ ಸಂಖ್ಯೆಯನ್ನು ಬಾಂಡ್ಸನು ದಾಟಲಿ ಎಂದು ಬಯಸಿದವರು ಬಿಳಿಯರಿಗಿಂತ ಕರಿಯರಲ್ಲಿ ಇಮ್ಮಡಿಗೂ ಮೀರಿದ್ದರೆಂದು ೨೦೦೭ರಲ್ಲಿ ನಡೆದ ಜನಾಭಿಪ್ರಾಯದ ಎಣಿಕೆಯೊಂದು ತೋರಿಸಿತು. ಆರನ್ನನೂ ಕರಿಯನೇ, ರೂತನನ್ನು ದಾಟಹೊರಟಾಗ ಕೊಲೆಯ ಬೆದರಿಕೆಯ ಕಾಗದಗಳನ್ನು ಕಂಡವನು. ಆದುದರಿಂದ ಇದನ್ನು ಬರಿಯ ವರ್ಣಪಕ್ಷಪಾತವೆಂದು ಯಾವ ಕಡೆಯವರೂ ಸುಲಭವಾಗಿ ತಳ್ಳಿಬಿಡುವಂತಿಲ್ಲ. ಬಾಂಡ್ಸನು ೭೫೫ನ್ನು ಸರಿಗಟ್ಟಿದ ರಾತ್ರಿ ಬೇಸ್‌ಬಾಲಿನ ಕಮಿಷನರಾದ ಬಡ್ ಸೀಲಿಗನು ಎದ್ದು ನಿಂತನು, ಕೈಗಳು ಮಾತ್ರ ಜೇಬಿನೊಳಗೇ ಇದ್ದುವು. ೨೦೦೭ರ ಆಗಸ್ಟ್ ೭ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ೭೫೬ನೆಯದು ಹಾರಿತು. ವೃದ್ಧನಾದ ವಿಲ್ಲಿ ಮೇಸ್ ಮೈದಾನದಲ್ಲಿ ಪಕ್ಕಕ್ಕೆ ನಿಂತಿದ್ದನು. ಆರನ್ನನು ಬರಲಿಲ್ಲ, ಮೊದಲೇ ತೆಗೆದಿಟ್ಟಿದ್ದ ಆತನ ಚಿತ್ರವೂ ಅಭಿನಂದನೆಯ ಮಾತುಗಳೂ ತೆರೆಯ ಮ್ಯಾಲೆ ಮೂಡಿದುವು. ಬಾಂಡ್ಸನು ಅಗಲಿದ ತಂದೆಯನ್ನು ನೆನೆದು ಗದ್ಗದಿತನಾದನು.

ಆ ಚೆಂಡನ್ನು ಮಾರ್ಕ್ ಎಕೋ ಎಂಬ ಉಡುಪಿನ ವ್ಯಾಪಾರಿಯು ೭,೫೨,೪೬೭ ಡಾಲರುಗಳಿಗೆ ಕೊಂಡು, ಇದನ್ನೇನು ಮಾಡಲಿ ಎಂದು ಜನರನ್ನೇ ಕೇಳಿದನು. ಒಂದು ಕೋಟಿ ಮತಗಳು ಬಂದುವು. ನಕ್ಷತ್ರಚಿಹ್ನೆಯನ್ನು ಬರೆಯಿಸಿ ವಸ್ತುಸಂಗ್ರಹಾಲಯಕ್ಕೆ ಕೊಡು ಎಂದವರು ನೂರಕ್ಕೆ ೪೭. ಹಾಗೆಯೇ ಕೊಡು ಎಂದವರು ೩೪. ಆಕಾಶಕ್ಕೆ ಹಾರಿಸಿಬಿಡು ಎಂದವರು ೧೯. ಅಂಕೆಯ ಪಕ್ಕದಲ್ಲಿ ನಕ್ಷತ್ರವೆಂದರೆ ಕೆಳಗೆ ಟಿಪ್ಪಣಿಯಿದೆ, ನೋಡಿ ನಂಬು ಎಂದರ್ಥ. ಚೆಂಡು ನಕ್ಷತ್ರಸಮೇತವಾಗಿ ೨೦೦೮ರಲ್ಲಿ ನ್ಯೂಯಾರ್ಕ್ ಪ್ರಾಂತದ ಕೂಪರ್ಸ್‌ಟೌನಿನ ಕೀರ್ತಿಮಂದಿರಕ್ಕೆ ಸೇರಿತು. ಬಾಂಡ್ಸನ ಆಟವು ೭೬೨ಕ್ಕೆ ನಿಂತಿತು. ೨೦೦೮ರಲ್ಲಿ ಆತನನ್ನು ಯಾವ ತಂಡವೂ ಕರೆಯಲಿಲ್ಲ.

ಚೆಂಡಿಗೆ ತೆರೆದ ಮಂದಿರದ ಬಾಗಿಲು ಹೊಡೆದವನಿಗೆ ತೆರೆಯಲಿಲ್ಲ. ಅಲ್ಲಿಗೆ ಸೇರಬೇಕಾದರೆ ಬೇಸ್‌ಬಾಲ್ ಪತ್ರಿಕೆಗಾರರ ಸಂಘದ ಹಿರಿಯರಿಂದ ನೂರಕ್ಕೆ ೭೫ ಮತಗಳು ಬೇಕು. ಆಟದೊಡನೆ ಪ್ರಾಮಾಣಿಕತೆಯನ್ನೂ ಶೀಲವನ್ನೂ ಗಣಿಸಬೇಕೆಂಬುದು ನಿಯಮ. ಯಾರನ್ನು ಕಂಡರೆ ಬಾಂಡ್ಸನು ಮೋರೆ ತಿರುಗಿಸುತ್ತಿದ್ದನೋ ಅವರೇ ಈಗ ಮತದಾರರು! ೨೦೧೩ರಲ್ಲಿ ಮೊದಲ ಬಾರಿ ೩೬.೨ ಬಂದಿತು. ವಿರೋಧಿಗಳ ವಾದದಲ್ಲಿ ಬಲವಿಲ್ಲದೆ ಇಲ್ಲ. ಮದ್ದಿಲ್ಲದೆ ಆಡಿ, ಮದ್ದುಂಡವರಿಗೆ ಎಡೆಬಿಟ್ಟು, ಹೆಸರಿಲ್ಲದೆ ಮರೆಯಾದ ಆಟಗಾರರು ಎಷ್ಟು ಮಂದಿಯೋ. ಅವರ ಪರವಾಗಿ ಮಾತಾಡುವವರು ಯಾರು? ಈ ಪ್ರಶ್ನೆಗೆ ಬಾಂಡ್ಸನ ಪಕ್ಷದವರಿಂದ ತೃಪ್ತಿಕರವಾದ ಉತ್ತರವನ್ನು ನಾವು ಕಂಡಿಲ್ಲ. ಆದರೆ ಮಂದಿರದೊಳಗಿರುವವರನ್ನೂ ನೋಡಬೇಕಷ್ಟೆ. ಚೆಂಡಿಗೆ ನಿಷಿದ್ಧವಾದ ಜಿಡ್ಡನ್ನು ಹಚ್ಚುತ್ತಿದ್ದೆನೆಂದು ಪುಸ್ತಕವನ್ನೇ ಬರೆದ ಗೇಲಾರ್ಡ್ ಪೆರ್ರಿಯು ೧೯೯೧ರಲ್ಲಿ ಒಳಗೆ ಹೋದನು. ರಸವನ್ನು ಚುಚ್ಚಿಸಿಕೊಂಡ ಪಡ್ ಗಾಲ್ವಿನ್ ೧೯೬೫ರಿಂದ ಅಲ್ಲಿದ್ದಾನೆ. ೨೦೧೬ರ ಡಿಸೆಂಬರಿನಲ್ಲಿ ಬೇರೊಂದು ಮಂಡಲಿಯು ಬಡ್ ಸೀಲಿಗನನ್ನೂ ಆರಿಸಿತು. ಮದ್ದಿನ ಕಾಲದುದ್ದಕ್ಕೂ ಅಧಿಕಾರದಲ್ಲಿದ್ದು, ಪ್ರೇಕ್ಷಕರ ಹಣವು ಹರಿದು ಬರುತ್ತಿದ್ದ ವರ್ಷಗಳಲ್ಲಿ ಪರೀಕ್ಷೆಯಿಲ್ಲದೆ ಆಟವನ್ನು ನಡೆಸಿದವನು ಆತನೇ. ಕಾವಲುಗಾರನಿಗೆ ಪೀಠ ಕೊಟ್ಟು ಕಳ್ಳನೆಂಬವನನ್ನು ಹೊರಗೆ ನಿಲ್ಲಿಸುವುದು ಹಲವರಿಗೆ ಅಸಹ್ಯವಾಯಿತು. ಮುಂದಿನ ಎಣಿಕೆಯಲ್ಲಿ ಬಾಂಡ್ಸನ ಮತಗಳು ೪೪.೩ರಿಂದ ೫೩.೮ಕ್ಕೆ ಏರಿದುವು. ನಾವೂ ಈ ಪಕ್ಷದವರೇ. ಒಳಕ್ಕೆ ಕರೆದು, ೭೬೨ನ್ನು ಬರೆದು, ಬಾಲ್ಕೋವಿನ ಕಥೆಯನ್ನೂ ಕೆಳಗೆ ಕೆತ್ತಿಸಿಬಿಟ್ಟರೆ ಓದುವವರು ತಾವೇ ತಿಳಿದುಕೊಳ್ಳುತ್ತಾರೆ.

ಹತ್ತು ವರ್ಷಗಳ ಅವಧಿಯು ೨೦೨೨ರಲ್ಲಿ ೬೬ಕ್ಕೆ ಮುಗಿಯಿತು. ಆ ವರ್ಷದ ಡಿಸೆಂಬರಿನಲ್ಲಿ ಹದಿನಾರು ಮಂದಿಯ ಮಂಡಲಿಯೊಂದರ ಮುಂದೆ ಹೆಸರು ಬಂದಿತು. ನಾಲ್ಕು ಮತಗಳೂ ದೊರೆಯಲಿಲ್ಲ. ಇಷ್ಟರಲ್ಲಿ ಜೈಂಟ್ಸಿನವರು ೨೦೧೮ರಲ್ಲಿ ಆತನ ೨೫ನೆಯ ಅಂಕಿಯ ಅಂಗಿಯನ್ನು ಬೇರಾರೂ ತೊಡದಂತೆ ಮೀಸಲಿಟ್ಟರು; ಪಿಟ್ಸ್‌ಬರ್ಗಿನವರೂ ೨೦೨೪ರಲ್ಲಿ ತಮ್ಮ ತಂಡದ ಕೀರ್ತಿಮಂದಿರಕ್ಕೆ ಸೇರಿಸಿಕೊಂಡರು. ೨೦೨೫ರ ಡಿಸೆಂಬರಿನಲ್ಲಿ ಕೂಪರ್ಸ್‌ಟೌನಿನ ಮಂಡಲಿಯು ಮತ್ತೆ ಕುಳಿತಿತು. ಆರಿಸಲ್ಪಟ್ಟವನು ಜೆಫ್ ಕೆಂಟ್. ಜೈಂಟ್ಸ್ ತಂಡದಲ್ಲಿ ಬಾಂಡ್ಸನ ಜೊತೆಗಾರನಾಗಿದ್ದು, ೨೦೦೨ರಲ್ಲಿ ಒಮ್ಮೆ ಆಟದ ನಡುವೆಯೇ ಆತನೊಡನೆ ಕೈಕೈ ಮಿಲಾಯಿಸಿದವನು. ಬಾಂಡ್ಸನಿಗೆ ಐದು ಮತಗಳೂ ಬೀಳಲಿಲ್ಲ. ಐದಕ್ಕಿಂತ ಕಡಮೆ ಬಂದವರ ಹೆಸರು ಮುಂದಿನ ಸರದಿಗೆ ಬರಕೂಡದೆಂಬುದು ಹೊಸ ನಿಯಮ. ಆದಕಾರಣ ೨೦೨೮ರಲ್ಲಿ ಆತನ ವಿಚಾರವಿಲ್ಲ. ಬಂದರೆ ೨೦೩೧ರ ಡಿಸೆಂಬರಿನಲ್ಲಿ. ಆಗ ಆತನಿಗೆ ೬೭ ತುಂಬಿರುತ್ತದೆ.